ಪಶ್ಚಿಮದ ಹುಲ್ಲಿನಲ್ಲಿ ಐದು ಕುಳಿ

"ಇದು ಈ ನೆಲದ ಮಣ್ಣಲ್ಲ" ಎಂದಳು ಅಪಘಾತದ ತನಿಖೆಗೆ ಬಂದಿದ್ದ ಜಿಗಣೆ.

ಅವಳು ಮೊಣಕಾಲೂರಿ ಕೂತು ಹುಲ್ಲಿನ ನಡುವಿನ ಒಂದು ಕುಳಿಗೆ ತೋರುಬೆರಳು ಇಳಿಸಿದ್ದಳು. ಮೈದಾನದ್ದು ಬೂದುಬಣ್ಣದ ಮರಳುಮಣ್ಣು, ಹಿಡಿದರೆ ಬೆರಳ ಸಂದಿಯಲ್ಲಿ ಸೋರಿಹೋಗುವಂಥದ್ದು. ಕುಳಿಯೊಳಗೆ ಇದ್ದದ್ದು ಕಪ್ಪು ಮಣ್ಣು, ತೇವದ್ದು, ಗೊಬ್ಬರದ ವಾಸನೆಯದ್ದು. ಅದರೊಳಗಿಂದ ಯಾವುದೋ ಹೂಗಿಡದ ಬೇರಿನ ತುಣುಕೊಂದು ಉಗುರಿಗೆ ಸಿಕ್ಕಿಕೊಂಡು ಬಂತು.

ಪಕ್ಕದಲ್ಲಿ ಹಗ್ಗದಮ್ಮ ಸೈಕಲ್ ಹಿಡಿದು ನಿಂತಿದ್ದಳು.

ಆರು ದಿನದ ಹಿಂದೆ ಇದೇ ಮೈದಾನದ ಮೇಲೆ, ಆಕಾಶದಲ್ಲೇ, ಎರಡು ವಿಮಾನ ಡಿಕ್ಕಿ ಹೊಡೆದಿದ್ದವು. ಒಂದು ಎಂಜಿನ್ನೇ ಇಲ್ಲದ ಗ್ಲೈಡರ್, ಅದರಲ್ಲಿ ಒಬ್ಬಳೇ ಕೂತಿದ್ದವಳು ಹೈಸ್ಕೂಲಿನ ಗಣಿತದ ಟೀಚರ್. ಇನ್ನೊಂದು, ಗ್ಲೈಡರುಗಳನ್ನು ಉದ್ದ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟು, ತಾನು ಕೆಳಗಿಳಿದು ಬರುವ ಎಂಜಿನ್ ವಿಮಾನ. ಕ್ಲಬ್ಬಿನವರು ಅದನ್ನು ಎತ್ತು ಎನ್ನುತ್ತಿದ್ದರು, ಅದನ್ನು ಹಾರಿಸುವವನನ್ನು ಎತ್ತಿನಣ್ಣ ಎನ್ನುತ್ತಿದ್ದರು. ಎತ್ತಿನಣ್ಣ ಸತ್ತ. ಟೀಚರ್ ಪ್ಯಾರಾಚೂಟಿನಲ್ಲಿ ಹಾರಿ, ಕಾಲು ಎರಡು ಕಡೆ ಮುರಿದುಕೊಂಡು ಬದುಕಿದಳು.

ಬದುಕಿದ್ದೇ ಅವಳ ತಪ್ಪಾಗಿತ್ತು. ಎತ್ತು ಯಾವತ್ತೂ ಪೂರ್ವದ ಕಡೆಯಿಂದ ಇಳಿಯಬೇಕು, ಗ್ಲೈಡರುಗಳು ಪಶ್ಚಿಮದ ಕಡೆಯಿಂದ, ಇಬ್ಬರೂ ನಡುವಿನ ಓಡುದಾರಿ ದಾಟಬಾರದು. ಇದು ಕ್ಲಬ್ಬಿನ ಹಳೆಯ ಕಟ್ಟಳೆ. ಟೀಚರ್ ಗಾಬರಿಯಲ್ಲಿ ಪೂರ್ವಕ್ಕೆ ನುಗ್ಗಿದಳು, ಪಾಪದ ಎತ್ತಿನಣ್ಣನಿಗೆ ಅಡ್ಡ ಬಂದಳು ಎಂದು ಕ್ಲಬ್ಬು ಬರೆದುಕೊಟ್ಟಿತ್ತು. ಚೂರುಗಳು ಓಡುದಾರಿಯ ಎರಡೂ ಕಡೆ ಚೆಲ್ಲಾಪಿಲ್ಲಿ ಬಿದ್ದಿದ್ದರಿಂದ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು ಎಲ್ಲ ಕಡೆ ಇರುತ್ತಾರೆ, ಆದರೆ ಇಷ್ಟು ಒಳ್ಳೆಯ ಕಾಗದದ ಮೇಲೆ, ಇಷ್ಟು ಚೆಂದದ ಅಕ್ಷರದಲ್ಲಿ ಎಳೆಯುವವರನ್ನು ಜಿಗಣೆ ನೋಡಿರಲಿಲ್ಲ.

ಸಂಜೆ ಐದಕ್ಕೆ ಆಸ್ಪತ್ರೆಯಲ್ಲಿ ಟೀಚರ್ ತಪ್ಪೊಪ್ಪಿಗೆಗೆ ಸಹಿ ಹಾಕಬೇಕಿತ್ತು. ಹಾಕಿದರೆ ನಿರ್ಲಕ್ಷ್ಯದಿಂದ ಒಬ್ಬನನ್ನು ಕೊಂದ ಕೇಸು, ಜೈಲು. ಅವಳು ಬೇಡವೆನ್ನುವ ಸ್ಥಿತಿಯಲ್ಲೂ ಇರಲಿಲ್ಲ. "ನಾನೇ ಕೊಂದೆ" ಎಂದು ಆರು ದಿನದಿಂದ ಗೋಡೆಗೆ ಹೇಳುತ್ತ ಮಲಗಿದ್ದಳು.

ಗಂಟೆ ಮೂರೂವರೆ.

"ಮೇಲೆ ಏನಾಯ್ತೋ ನಂಗೊತ್ತಿಲ್ಲ ಮೇಡಂ" ಎಂದಳು ಹಗ್ಗದಮ್ಮ ಕೊನೆಗೆ. "ನನ್ನ ಕಣ್ಣು ಯಾವಾಗ್ಲೂ ನೆಲದ ಮೇಲೆ."

"ಮೇಲಿಂದು ನಾನು ಕೇಳ್ಲಿಲ್ಲ. ನೆಲದ್ದೇ ಹೇಳಿ."

ಹಗ್ಗದಮ್ಮನ ಕೆಲಸ ಅದೇ. ಎತ್ತು ಇಳಿಯುವ ಮುಂಚೆ ತನ್ನ ಬಾಲಕ್ಕೆ ಜೋತುಬಿದ್ದ ಹಗ್ಗವನ್ನು ಹುಲ್ಲಿನ ಮೇಲೆ ಬೀಳಿಸಿ ಹೋಗುತ್ತದೆ. ಅವಳು ಅದನ್ನು ಸುತ್ತಿ, ಸೈಕಲ್ಲಿಗೆ ಹೇರಿ, ಮುಂದಿನ ಗ್ಲೈಡರಿನ ಮೂಗಿಗೆ ಕಟ್ಟಲು ಒಯ್ಯುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಒಯ್ಯುತ್ತಿದ್ದಾಳೆ, ಒಮ್ಮೆಯೂ ಹಾರಿದವಳಲ್ಲ.

"ಹಗ್ಗದ ತುದೀಲಿ ಕಬ್ಬಿಣದ ಬಳೆ ಇರುತ್ತಲ್ಲ, ಅದು ಬಿದ್ದ ಕಡೆ ನೆಲಾನ ಗುದ್ದುತ್ತೆ" ಎಂದಳು. "ಗ್ಲೈಡರ್ ಚಕ್ರ ಸಿಕ್ಕಾಕ್ಕೊಳ್ಳುತ್ತೆ ಅಂತ ನಾನು ಆಮೇಲೆ ಹಿಮ್ಮಡೀಲಿ ತುಳಿದು ಮುಚ್ತೀನಿ."

"ಇದನ್ನ ತುಳಿದಿಲ್ಲ. ತುಂಬಿದಾರೆ."

"ನಾನಲ್ಲ."

"ಮತ್ಯಾರು?"

ಹಗ್ಗದಮ್ಮ ಕ್ಲಬ್ಬಿನ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸಿದಳು. "ಆಫೀಸಿನ ಮುಂದೆ ಹೂವಿನ ಕುಂಡ ಇದಾವಲ್ಲ. ಬಗ್ಗಿ ನೋಡಿ. ಅರ್ಧರ್ಧ ಖಾಲಿ."

ಜಿಗಣೆ ಎದ್ದು ಸುತ್ತ ಹುಡುಕಿದಳು. ಹತ್ತು ಹೆಜ್ಜೆಯೊಳಗೆ ಇನ್ನೂ ನಾಲ್ಕು ಸಿಕ್ಕವು, ಎಲ್ಲವೂ ಅದೇ ಕಪ್ಪು ಮಣ್ಣಿನವು. ಒಟ್ಟು ಐದು. ಓಡುದಾರಿಯ ಆಚೆ, ಪೂರ್ವದ ಹುಲ್ಲಿನಲ್ಲಿ ಅವಳು ಬೆಳಿಗ್ಗೆಯೇ ನಡೆದು ನೋಡಿದ್ದಳು. ಅಲ್ಲಿ ನೂರಾರು ಗುರುತಿದ್ದವು, ಒಂದಕ್ಕೂ ಯಾರೂ ಗೊಬ್ಬರದ ಮಣ್ಣು ಹಾಕಿ ಉಪಚಾರ ಮಾಡಿರಲಿಲ್ಲ.

"ಇಷ್ಟು ಹತ್ತಿರ ಹತ್ತಿರ ಹೇಗೆ ಬಿತ್ತು?"

"ಎತ್ತಿನಣ್ಣ ಹಾಗೇ." ಹಗ್ಗದಮ್ಮ ಸೈಕಲ್ಲಿನ ಹಿಡಿಕೆಯನ್ನು ಸುಮ್ಮನೆ ಒರೆಸಿದಳು. "ನಂಗೆ ಮಂಡಿನೋವು. ಬಿಸಿಲಲ್ಲಿ ದೂರ ನಡೀಬಾರದು ಅಂತ ನಾನೆಲ್ಲಿ ನಿಂತಿದ್ರೆ ಅಲ್ಲಿಗೇ ಹಾಕ್ತಿದ್ದ. ಕಾಲಬುಡಕ್ಕೆ. ಆಮೇಲೆ ರೆಕ್ಕೆ ಅಲ್ಲಾಡಿಸ್ತಿದ್ದ."

"ಅವತ್ತು ನೀವು ಯಾಕೆ ಈ ಕಡೆ ನಿಂತಿದ್ರಿ?"

"ಹನ್ನೊಂದು ಗಂಟೆಗೆ ಕ್ಲಬ್ಬಿನ ಗುರುಗಳು ಬಂದು, ಇನ್ಮೇಲೆ ಹಗ್ಗ ಪಶ್ಚಿಮಕ್ಕೆ ಬೀಳುತ್ತೆ, ಸೈಕಲ್ ತಗೊಂಡು ಆ ಕಡೆ ಹೋಗು ಅಂದ್ರು."

"ಯಾಕೆ ಅಂತ ಕೇಳಿದ್ರಾ?"

"ಇಪ್ಪತ್ತೆರಡು ವರ್ಷದಲ್ಲಿ ಯಾಕೆ ಅಂತ ಒಂದೇ ಸಲ ಕೇಳಿದೀನಿ. ಆಮೇಲೆ ಒಂದು ತಿಂಗಳು ಪಾಯಿಖಾನೆ ತೊಳ್ದೆ."

ಜಿಗಣೆ ಐದೂ ಕುಳಿಗಳ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಳು, ಕಪ್ಪು ಮಣ್ಣನ್ನು ಐದು ಪೊಟ್ಟಣ ಕಟ್ಟಿದಳು. ಹಾಗಾದರೆ ಅಂದು ಪಕ್ಕ ಬಿಟ್ಟು ಬಂದವಳು ಟೀಚರ್ ಅಲ್ಲ. ಅವಳು ತನ್ನ ಪಶ್ಚಿಮದಲ್ಲೇ ಇದ್ದಳು, ಎತ್ತನ್ನೇ ಅವಳ ದಾರಿಗೆ ಅಟ್ಟಿದ್ದರು. ಎತ್ತಿನಲ್ಲಿ ಕೂತವನಿಗೆ ಇಳಿಯುವಾಗ ಮೂಗಿನ ಕೆಳಗೆ ಏನಿದೆ ಕಾಣುವುದಿಲ್ಲ. ಗ್ಲೈಡರಿನವರಿಗೆ ಬೆನ್ನ ಹಿಂದೆ ಏನು ಬರುತ್ತಿದೆ ತಿಳಿಯುವುದಿಲ್ಲ. ಅದಕ್ಕೇ ಹಿಂದಿನವರು ಎರಡು ಪಕ್ಕ ಮಾಡಿದ್ದು, ಕಣ್ಣು ನೆಚ್ಚಿಕೊಂಡು ಕೂರಬಾರದು ಎಂದು. ಅದನ್ನು ಗೊತ್ತಿದ್ದೂ ಕೆಡಿಸಿದವನು ಕುಂಡದ ಮಣ್ಣು ಹೊತ್ತು ತಂದು ಕುಳಿ ಮುಚ್ಚಿದ್ದಾನೆ.

ಕುಂಡಗಳು ಅರ್ಧರ್ಧ ಖಾಲಿಯಿದ್ದವು. ಒಂದರಲ್ಲಂತೂ ಗಿಡ ವಾಲಿಕೊಂಡು ಬೇರು ತೋರಿಸುತ್ತಿತ್ತು.

ಒಳಗೆ, ದಿನದ ಹಾರಾಟದ ಪಾಠ ಹೇಳುವ ಕೋಣೆಯಲ್ಲಿ, ಗುರುಗಳು ಕಿತ್ತಳೆ ಸುಲಿಯುತ್ತಿದ್ದರು. ಕ್ಲಬ್ಬಿನ ಮುಖ್ಯ ಬೋಧಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆಣ್ಣೆಯಂಥ ಮಾತು. ಅವರ ಕೈಕೆಳಗೆ ಹಾರಲು ಕಲಿತವರು ನಾನೂರು ಜನ, ಎಲ್ಲರೂ ಅವರನ್ನು ಗುರುಗಳೇ ಎನ್ನುತ್ತಿದ್ದರು, ಅದನ್ನು ಅವರು ಮೂರು ಹೊತ್ತೂ ಊಟದಂತೆ ಸ್ವೀಕರಿಸುತ್ತಿದ್ದರು. ಮೇಜಿನ ಮೇಲೆ ಎತ್ತಿನಣ್ಣನ ಫೋಟೋ, ಹೊಸ ಚೌಕಟ್ಟಿನದು. ಅದರ ಪಕ್ಕದಲ್ಲಿ ಅಪಘಾತದ ಕಡತ. ಗುರುಗಳು ಕಿತ್ತಳೆಯ ಸಿಪ್ಪೆಯನ್ನು ಕಡತದ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದರು.

"ಬನ್ನಿ ಮೇಡಂ. ಬಿಸಿಲಲ್ಲಿ ಏನು ಹುಲ್ಲು ಕೀಳ್ತಿದ್ರಿ?"

"ಗುರುಗಳೇ, ಅವತ್ತು ಎತ್ತು ಯಾವ ಕಡೆಯಿಂದ ಇಳೀತು?"

"ಬರೆದುಕೊಟ್ಟಿದೀನಲ್ಲ. ಪೂರ್ವದಿಂದ."

ಜಿಗಣೆ ಐದು ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದನ್ನು ಬಿಚ್ಚಿದಳು. ಗುರುಗಳು ಮಣ್ಣನ್ನು ನೋಡಿದರು. ಆಮೇಲೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ತಮ್ಮ ಉಗುರುಗಳನ್ನು ನೋಡಿಕೊಂಡರು.

"ಗಿಡಕ್ಕೆ ಹಾಕೋ ಮಣ್ಣು" ಎಂದಳು ಜಿಗಣೆ. "ಪಶ್ಚಿಮದ ಹುಲ್ಲಲ್ಲಿ ನಿಮ್ಮ ಗಿಡ ಯಾವ್ದೂ ಕಾಣ್ಲಿಲ್ಲ."

ಒಂದು ತೊಳೆ ಬಾಯಿಗೆ ಹೋಯಿತು. ಅವರು ಅದನ್ನು ನಿಧಾನವಾಗಿ ಅಗಿದು, ಬೀಜವನ್ನು ಅಂಗೈಗೆ ಉಗಿದು, ಸಿಪ್ಪೆಯ ಮೇಲಿಟ್ಟರು.

"ಎರಡೇ ಗಂಟೆ ಮೇಡಂ. ಹನ್ನೊಂದರಿಂದ ಒಂದರ ತನಕ. ಆಮೇಲೆ ಮಾಮೂಲಿನ ಹಾಗೇ ಪೂರ್ವಕ್ಕೆ ತರ್ತಿದ್ದೆ."

"ಯಾಕೆ?"

"ಪೂರ್ವದ ಕಡೆ ಶಾಮಿಯಾನ ಹಾಕಿದ್ವಿ. ದೊಡ್ಡ ದೊಡ್ಡ ಅತಿಥಿಗಳು ಬಂದಿದ್ರು. ಎತ್ತು ತಲೆ ಮೇಲೇ ಬಂದ್ರೆ ಭಾಷಣ ಕೇಳಿಸಲ್ಲ. ತಟ್ಟೇಲಿ ಧೂಳು ಬೀಳುತ್ತೆ."

ಹದಿನಾರು ವರ್ಷದ ತನಿಖೆಯಲ್ಲಿ ಅವಳು ಸವೆದ ಬೋಲ್ಟು ನೋಡಿದ್ದಳು, ಕುಡಿದ ಪೈಲಟನನ್ನು ನೋಡಿದ್ದಳು, ಮೋಡದಲ್ಲಿ ದಾರಿತಪ್ಪಿದವರನ್ನು ನೋಡಿದ್ದಳು. ತಟ್ಟೆಯ ಧೂಳಿಗೆ ಸತ್ತವನನ್ನು ಇವತ್ತೇ ನೋಡುತ್ತಿದ್ದಳು.

"ಎತ್ತಿನಣ್ಣ ಏನೂ ಅನ್ಲಿಲ್ವಾ?"

"ಅಂದ. ಒಂದೇ ಬಾಗಿಲಲ್ಲಿ ಹೋಗೋರೂ ಬರೋರೂ ಆಗ್ತಾರೆ ಗುರುಗಳೇ, ಬೇಡ ಅಂದ. ಸ್ವಲ್ಪ ಹುಷಾರಾಗಿ ಬಾರಪ್ಪ ಅಂದೆ."

"ಟೀಚರ್ ಹತ್ತೂ ಮುಕ್ಕಾಲಿಗೇ ಮೇಲೆ ಹೋಗಿದ್ಲು. ಪಕ್ಕ ಬದಲಾಗಿದ್ದು ಅವಳಿಗೆ ಹೇಗೆ ಗೊತ್ತಾಗ್ಬೇಕಿತ್ತು?"

"ರೇಡಿಯೋ ಇದೆಯಲ್ಲ."

"ರೇಡಿಯೋದಲ್ಲಿ ಹೇಳಿದ್ರಾ?"

ಗುರುಗಳು ಕರವಸ್ತ್ರ ತೆಗೆದು ಬೆರಳು ಒಂದೊಂದಾಗಿ ಒರೆಸಿಕೊಂಡರು. "ಅವತ್ತು ರೇಡಿಯೋನ ಶಾಮಿಯಾನದ ಧ್ವನಿವರ್ಧಕಕ್ಕೆ ಜೋಡಿಸಿದ್ವಿ. ಪೈಲಟ್‌ಗಳು ಮಾತಾಡೋದು ಅತಿಥಿಗಳಿಗೂ ಕೇಳ್ಲಿ, ಚೆನ್ನಾಗಿರುತ್ತೆ ಅಂತ. ಅದರಲ್ಲಿ ಹೋಗಿ ಡಿಕ್ಕಿ, ಎಚ್ಚರ, ಅಂತೆಲ್ಲ ಹೇಳಿದ್ರೆ ಬಂದವರು ಏನಂದ್ಕೊಳ್ತಾರೆ? ಗಾಬರಿ ಆಗ್ತಾರೆ."

"ಅದಕ್ಕೆ ಹೇಳ್ಲಿಲ್ಲ."

"ಹೇಳ್ಲಿಲ್ಲ."

ಹೇಸಿಗೆ ಎಂದರೆ ಏನೆಂದು ಜಿಗಣೆಗೆ ಆಗ ಚೆನ್ನಾಗಿ ಗೊತ್ತಾಯಿತು. ಅದು ಸಿಟ್ಟಲ್ಲ. ಸಿಟ್ಟು ಬಂದರೆ ಎದುರಿಗಿದ್ದವನ ಕಪಾಳಕ್ಕೆ ಬಾರಿಸಬೇಕೆನಿಸುತ್ತದೆ. ಈ ಮನುಷ್ಯನನ್ನು ಮುಟ್ಟಲೂ ಅವಳಿಗೆ ಮನಸ್ಸಿರಲಿಲ್ಲ.

"ಆ ಹೆಂಗಸು ಆರು ದಿನದಿಂದ ತಾನೇ ಕೊಂದೆ ಅಂತ ಅಳ್ತಿದಾಳೆ" ಎಂದಳು.

"ನೋಡಿ ಮೇಡಂ, ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ. ಅವಳ ಕಾಲು ಹೇಗೂ ಇನ್ನು ಗ್ಲೈಡರಿನ ಪೆಡಲ್ ಒತ್ತೋ ಹಾಗಿಲ್ಲ. ಲೈಸೆನ್ಸ್ ಇದ್ರೆಷ್ಟು, ಹೋದ್ರೆಷ್ಟು? ನಾನು ಹೋದ್ರೆ ಈ ಕ್ಲಬ್ಬೇ ಮುಚ್ಚುತ್ತೆ. ನಾನೂರು ಜನಕ್ಕೆ ರೆಕ್ಕೆ ಕೊಟ್ಟಿದೀನಿ."

"ಒಬ್ಬನದು ಕಿತ್ತುಕೊಂಡ್ರಿ. ಇನ್ನೊಬ್ಬಳನ್ನ ಜೈಲಿಗೆ ಕಳಿಸ್ತಿದೀರಿ."

"ನಿಮ್ಮ ಸಾಹೇಬ್ರು ಬೆಳಿಗ್ಗೆ ಫೋನ್ ಮಾಡಿದ್ರು" ಎಂದರು ಗುರುಗಳು, ಅವಳ ಮಾತು ಕಿವಿಗೇ ಬೀಳದವರ ಹಾಗೆ. "ಐದಕ್ಕೆಲ್ಲ ಮುಗಿಯುತ್ತೆ, ತಲೆ ಕೆಡಿಸ್ಕೋಬೇಡಿ ಅಂದ್ರು. ನೀವೂ ಕೆಡಿಸ್ಕೋಬೇಡಿ."

ಸಾಹೇಬರು ಎಂದರೆ ಅಪಘಾತ ತನಿಖಾ ಇಲಾಖೆಯ ಮುಖ್ಯಸ್ಥರು. ಸುಟ್ಟ ತಂತಿ ಯಾವುದು, ಕತ್ತರಿಸಿದ ತಂತಿ ಯಾವುದು ಎಂದು ಅವಳ ಕೈ ಹಿಡಿದು ತೋರಿಸಿ ಕಲಿಸಿದವರು. ಹಿಡಿದರೆ ಬಿಡಲ್ಲ ಇವಳು ಎಂದು ಅವಳಿಗೆ ಜಿಗಣೆ ಎಂಬ ಹೆಸರಿಟ್ಟವರೂ ಅವರೇ, ಅದೂ ಎಲ್ಲರ ಮುಂದೆ ಹೆಮ್ಮೆಯಿಂದ. ಇವರಿಗೆ ಕ್ಲಬ್ಬಿನವರು ಸುಳ್ಳು ಹೇಳಿ ನಂಬಿಸಿದ್ದಾರೆ, ನಾನು ಹೋಗಿ ತೋರಿಸಿದರೆ ಸಾಕು ಎಂದುಕೊಂಡಳು ಜಿಗಣೆ.

ಅವಳು ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಸಮಯದ ಪುಸ್ತಕ ತೆಗೆದುಕೊಂಡಳು. ಎತ್ತು ಯಾವ ಗ್ಲೈಡರನ್ನು ಎಷ್ಟು ಗಂಟೆಗೆ ಎಳೆದೊಯ್ದಿತು ಎಂದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆ ದಿನದ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಬೆರಳಿಟ್ಟು ಇನ್ನೊಮ್ಮೆ ಎಣಿಸಿದಳು.

"ಹನ್ನೊಂದು ಗಂಟೆ ಆದ್ಮೇಲೆ ಎತ್ತು ಐದು ಸಲ ಎಳೆದಿದೆ."

"ಹೌದು."

"ಐದನೇ ಸಲ ಇಳಿಯೋವಾಗ ಡಿಕ್ಕಿ ಆಯ್ತು. ಆ ಹಗ್ಗ ಬೀಳ್ಲೇ ಇಲ್ಲ. ಎತ್ತಿನ ಬಾಲಕ್ಕೆ ಸುತ್ತಿಕೊಂಡಿತ್ತು, ನಾನೇ ಕತ್ತರಿಸಿ ತೆಗೆಸಿದೀನಿ."

ಗುರುಗಳ ಕೈ ಕಿತ್ತಳೆಯ ಮೇಲೇ ನಿಂತಿತು.

"ಹಾಗಾದ್ರೆ ಪಶ್ಚಿಮದ ಹುಲ್ಲಿಗೆ ಹಗ್ಗ ಬಿದ್ದಿದ್ದು ನಾಲ್ಕು ಸಲ. ಕುಳಿ ನಾಲ್ಕಿರಬೇಕು. ಐದಿದೆ, ಗುರುಗಳೇ. ಮುಚ್ಚಿದ್ದು ನೀವೇ, ಎಣಿಸಿಯೂ ಇರ್ತೀರಿ."

"ಹಗ್ಗ ಪುಟಿದಿರುತ್ತೆ."

"ಹಗ್ಗದಮ್ಮ ಐದು ಹಗ್ಗ ಹೊತ್ತಿದಾಳೆ. ಅವಳ ಮಂಡಿಗೆ ಲೆಕ್ಕ ತಪ್ಪಲ್ಲ." ಹಗ್ಗದಮ್ಮನನ್ನು ಅವಳು ಅದನ್ನು ಕೇಳಿರಲೇ ಇಲ್ಲ. ಆದರೆ ಗುರುಗಳಿಗೆ ಅದು ಗೊತ್ತಿರಲಿಲ್ಲ.

ಅವರು ಕಿತ್ತಳೆಯನ್ನು ಸಿಪ್ಪೆಯ ಪಕ್ಕಕ್ಕೆ ಸರಿಸಿದರು. ಜಿಗಣೆಗೆ ತನ್ನ ಮೇಲೇ ಅಸಹ್ಯವಾಗತೊಡಗಿತು. ಎರಡನೇ ದಿನ ಆಸ್ಪತ್ರೆಯಲ್ಲಿ ಟೀಚರ್ ಅವಳ ಮುಂಗೈ ಹಿಡಿದು ಹೇಳಿದ್ದಳು, ಮೇಲಿಂದ ಇನ್ನೊಂದು ಬಂತು, ಬಿಳೀದು, ಒಳಗೆ ಎರಡು ತಲೆ ಕಾಣ್ತು, ಅದನ್ನ ತಪ್ಪಿಸೋಕೆ ನಾನು ತಿರುಗಿಸ್ದೆ ಎಂದು. ಪುಸ್ತಕದಲ್ಲಿ ಆ ಹೊತ್ತಿಗೆ ಎರಡು ಸೀಟಿನ ಗ್ಲೈಡರ್ ಹಾರಿದ್ದೇ ಇರಲಿಲ್ಲ. ಜಿಗಣೆ ತನ್ನ ಟಿಪ್ಪಣಿಯ ಅಂಚಿನಲ್ಲಿ 'ಆಘಾತದ ಭ್ರಮೆ' ಎಂದು ಬರೆದು ಅಡಿಗೆರೆ ಎಳೆದಿದ್ದಳು. ತಪ್ಪೊಪ್ಪಿಗೆಯ ಕಾಗದದಲ್ಲಿ ಅದೇ ಎರಡು ಪದ ಕೂತಿದ್ದವು.

"ಪುಸ್ತಕಕ್ಕೆ ಬರೀದೆ ಯಾರನ್ನ ಮೇಲೆ ಕಳಿಸಿದ್ರಿ?"

ಗುರುಗಳು ಫೋಟೋದ ಚೌಕಟ್ಟನ್ನು ನೇರ ಮಾಡಿದರು.

"ಹಾರಿಸಿದ್ದು ಯಾರು?"

"ನಾನೇ" ಎಂದರು ಗುರುಗಳು. ದನಿಯಲ್ಲಿದ್ದ ಬೆಣ್ಣೆ ಕರಗಿಹೋಗಿತ್ತು. "ಹಿಂದಿನ ಸೀಟಲ್ಲಿ ನಾನು. ಮುಂದೆ ಒಬ್ರು ಅತಿಥಿ. ಅವರೇ, ಪುಸ್ತಕದಲ್ಲಿ ಬರೀಬೇಡಿ, ನಂಗೆ ಡಾಕ್ಟರ್ ಸರ್ಟಿಫಿಕೇಟ್ ಇಲ್ಲ, ಬಿಪಿ ಇದೆ ಅಂದ್ರು. ಸುಮ್ನೆ ಹತ್ತು ನಿಮಿಷ ಅಂತ ಕರ್ಕೊಂಡು ಹೋದೆ. ಇಳಿಯೋವಾಗ, ಹೀಗೆ ಮೆಲ್ಲಗೆ ಹೋದ್ರೆ ಬಸ್ಸಲ್ಲಿ ಕೂತ ಹಾಗಿದೆ, ಸ್ವಲ್ಪ ಮಜಾ ಇರ್ಲಿ ಅಂದ್ರು. ಮೂಗು ಕೆಳಗೆ ಒತ್ತಿದೆ. ಟೀಚರ್ ಕಾಣ್ಲಿಲ್ಲ. ಅವಳಿಗೆ ನಾವು ಕಂಡ್ವಿ. ಅವಳೇ ಪಕ್ಕಕ್ಕೆ ಹೊರಳಿಸಿದ್ಲು."

"ಹೊರಳಿದ ಕಡೆ ಎತ್ತು ಇತ್ತು."

"ಹೂಂ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಬ್ಬರನ್ನು ಉಳಿಸಲು ಹೊರಳಿಸಿದವಳು ಕೊಲೆಗಾತಿಯಾಗಿ ಮಲಗಿದ್ದಳು, ಉಳಿದವರಲ್ಲಿ ಒಬ್ಬ ಇಲ್ಲಿ ಕಿತ್ತಳೆ ತಿನ್ನುತ್ತಿದ್ದ. ಬಹುವಚನ ಜಿಗಣೆಯ ಮನಸ್ಸಿನಿಂದ ತಾನಾಗಿ ಬಿದ್ದುಹೋಯಿತು.

"ಆ ಅತಿಥಿ ಯಾರು?"

ಗುರು ಗಡಿಯಾರ ನೋಡಿದ. ಐದಕ್ಕೆ ಹದಿನೈದು ನಿಮಿಷವಿತ್ತು. "ಅದೊಂದು ಕೇಳ್ಬೇಡಿ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಹೆಸರು ಆಮೇಲೆ ಕಕ್ಕಿಸಿದರಾಯಿತು. ಮೊದಲು ಸಹಿ ನಿಲ್ಲಬೇಕು. ಜಿಗಣೆ ಪೊಟ್ಟಣಗಳನ್ನು ಬಾಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಜಗಲಿಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿದಳು. ಎತ್ತಿದ್ದು ಟೀಚರ್ ತಾಯಿ. ಆರು ದಿನದಿಂದ ಮಗಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಇರುವ ಮುದುಕಿ.

"ಅಮ್ಮಾ, ನಾನು ತನಿಖೆಯವಳು. ಮಗಳಿಗೆ ಹೇಳಿ, ಯಾವ ಕಾಗದಕ್ಕೂ ಸಹಿ ಹಾಕೋದು ಬೇಡ. ಅವಳ ತಪ್ಪಿಲ್ಲ. ಎಲ್ಲ ಗೊತ್ತಾಗಿದೆ."

"ಅಯ್ಯೋ, ಆಗ್ಲೇ ಹಾಕಿದ್ಲಲ್ಲಮ್ಮ. ಅರ್ಧ ಗಂಟೆ ಆಯ್ತು."

"ಐದಕ್ಕೆ ಅಂದಿದ್ರಲ್ಲ?"

"ನಿಮ್ಮ ಸಾಹೇಬ್ರೇ ಬಂದಿದ್ರು. ಮಗಳಿಗೆ ನೋವಿನ ಸೂಜಿ ಕೊಟ್ಟಿದ್ರು, ಮಂಪರಲ್ಲಿದ್ಲು, ಅವರೇ ಕೈ ಹಿಡಿದು ಹಾಕಿಸ್ಕೊಂಡ್ರು." ಮುದುಕಿ ಮೂಗೆಳೆದುಕೊಂಡಳು. "ಎಂಥಾ ಒಳ್ಳೆ ಮನುಷ್ಯ. ನಾನು ಮೂಲೇಲಿ ಕೂತಿದ್ದೆ, ನನ್ನ ನೋಡ್ಲಿಲ್ಲ ಅನ್ಸುತ್ತೆ. ಸಹಿ ಆದ್ಮೇಲೆ ಅವಳ ಹಣೆ ಸವರಿ ಕಣ್ಣೀರು ಹಾಕಿದ್ರು. ಅವತ್ತು ನೀನು ಹೊರಳಿಸ್ದೆ ಇದ್ದಿದ್ರೆ ನಾನಿವತ್ತು ಇರ್ತಿರ್ಲಿಲ್ಲಮ್ಮ ಅಂದ್ರು."

ಜಿಗಣೆ ಚೀಲದ ಹಿಡಿಯನ್ನು ಮುಂಗೈಗೆ ಸುತ್ತಿಕೊಂಡಳು.

"ಹಾಗಂದ್ರೆ ಏನಮ್ಮ?" ಎಂದು ಕೇಳಿತು ಮುದುಕಿಯ ದನಿ. "ನಿಮ್ಮ ಸಾಹೇಬ್ರೂ ಹಾರ್ತಾರಾ?"

ಗೇಟಿನ ಬಳಿ ಹಾರ್ನ್ ಕೇಳಿಸಿತು. ಇಲಾಖೆಯ ಕರಿ ಕಾರು ಒಳಗೆ ತಿರುಗಿ, ಧೂಳೆಬ್ಬಿಸದಂತೆ ನಿಧಾನವಾಗಿ ಅವಳ ಕಡೆಗೇ ಬರುತ್ತಿತ್ತು. ಹಿಂದಿನ ಸೀಟಿನ ಗಾಜು ಇಳಿಯಿತು. ಸಾಹೇಬರು ಅವಳ ಕೈಯಲ್ಲಿದ್ದ ಚೀಲವನ್ನು ನೋಡಿ, ಹದಿನಾರು ವರ್ಷದಿಂದ ನಗುತ್ತಿದ್ದ ಅದೇ ನಗು ನಕ್ಕು, ಅದನ್ನು ಕೊಡು ಎನ್ನುವಂತೆ ಕೈ ಚಾಚಿದರು.